ಯಂತ್ರ ಬಂತು, ಡೀಸೆಲ್ ಯಾರದ್ದು? ಒಂದು ತಾಲ್ಲೂಕು ಆಸ್ಪತ್ರೆಯ ಆಕ್ಸಿಜನ್ ಘಟಕದ ಪ್ರಕರಣ

ಈ ಪ್ರಕರಣ ಮೊದಲು ನನ್ನ ಮೇಜಿಗೆ ಬಂದದ್ದು ಒಂದು ಕರೆಂಟ್ ಬಿಲ್ಲಿನ ರೂಪದಲ್ಲಿ. ನಾನಾಗ ಜಿಲ್ಲಾ ಮಟ್ಟದಲ್ಲಿ ಆರೋಗ್ಯ ಯೋಜನೆಗಳ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಆಸ್ಪತ್ರೆಯ ಬಿಲ್ಲು ಇದ್ದಕ್ಕಿದ್ದಂತೆ ಏರಿತ್ತು. ಹೊಸ ವಾರ್ಡಿಲ್ಲ, ಹೊಸ ಎಕ್ಸ್‌ರೇ ಇಲ್ಲ. ಫೋನ್ ಮಾಡಿದರೆ ಅಲ್ಲಿನ ಪ್ರಥಮ ದರ್ಜೆ ಸಹಾಯಕರು ಹೇಳಿದ್ದು ಇಷ್ಟು: "ಆಕ್ಸಿಜನ್ ಪ್ಲಾಂಟಿಗೆ ಲೋಡ್ ಜಾಸ್ತಿ ಮಾಡ್ಸಿದ್ವಿ ಸರ್. ಅದರ ಫಿಕ್ಸೆಡ್ ಚಾರ್ಜು." ಪ್ಲಾಂಟ್ ಓಡುತ್ತಿದೆಯಾ ಎಂದು ಕೇಳಿದೆ. "ಇಲ್ಲ ಸರ್, ಅದು ಸುಮ್ನೆ ನಿಂತಿದೆ."

ಓಡದ ಯಂತ್ರಕ್ಕೆ ತಿಂಗಳು ತಿಂಗಳು ದುಡ್ಡು ಹೋಗುತ್ತಿತ್ತು. ಅದನ್ನು ಓಡಿಸಲು ಮಾತ್ರ ದುಡ್ಡಿರಲಿಲ್ಲ. ಮುಂದಿನ ಎರಡು ವರ್ಷ ಈ ಗಂಟು ಬಿಡಿಸಲು ನಾವು ಏನೇನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು, ಜಿಲ್ಲೆ, ಅಧಿಕಾರಿಗಳ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮೊತ್ತಗಳನ್ನೂ ಬಿಟ್ಟಿದ್ದೇನೆ.

ಹಿನ್ನೆಲೆ

2021ರ ಬೇಸಿಗೆಯನ್ನು ಕರ್ನಾಟಕದಲ್ಲಿ ಯಾರೂ ಮರೆತಿಲ್ಲ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಿಂದ ರೋಗಿಗಳು ಸತ್ತದ್ದು ಗೊತ್ತಾದ ಮೇಲೆ, ಪ್ರತಿ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ರಾತ್ರಿ ಎದ್ದು ಸಿಲಿಂಡರ್ ಎಣಿಸುತ್ತಿದ್ದರು. ಗಾಳಿಯಿಂದಲೇ ಆಕ್ಸಿಜನ್ ತಯಾರಿಸುವ ಪಿಎಸ್‌ಎ ಘಟಕಗಳು ದೇಶದ ಎಲ್ಲ ಕಡೆ ಏಳತೊಡಗಿದ್ದು ಆಗಲೇ. ಪಿಎಂ ಕೇರ್ಸ್ ಹಣದಲ್ಲೇ ಸಾವಿರದ ಇನ್ನೂರಕ್ಕೂ ಹೆಚ್ಚು ಘಟಕ ಮಂಜೂರಾದವು. ನಮ್ಮ ಆಸ್ಪತ್ರೆಗೆ ಬಂದದ್ದು ಮಾತ್ರ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಕೊಡುಗೆ. ಕೋವಿಡ್‌ಗೆ ಮಾಡುವ ಖರ್ಚನ್ನು ಸಿಎಸ್‌ಆರ್ ಎಂದು ಲೆಕ್ಕ ಹಾಕಬಹುದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2020ರ ಮಾರ್ಚ್‌ನಲ್ಲೇ ಹೇಳಿತ್ತು. ಹಾಗಾಗಿ ಕೊಡುವವರಿಗೆ ಕೊರತೆ ಇರಲಿಲ್ಲ. ಟೇಪು ಕತ್ತರಿಸಿದರು, ಫೋಟೋ ತೆಗೆದರು, ಕೀಲಿಕೈ ಕೊಟ್ಟರು.

ಯಂತ್ರದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಕಂಪ್ರೆಸರ್ ಗಾಳಿಯನ್ನು ಒತ್ತಿ, ಒಣಗಿಸಿ, ಜಿಯೋಲೈಟ್ ಎಂಬ ಹರಳು ತುಂಬಿದ ಟ್ಯಾಂಕಿಗೆ ಕಳಿಸುತ್ತದೆ. ಜಿಯೋಲೈಟ್ ನೈಟ್ರೋಜನ್ ಹಿಡಿದುಕೊಳ್ಳುತ್ತದೆ, ಶೇ 93ರ ಆಸುಪಾಸಿನ ಆಕ್ಸಿಜನ್ ಹೊರಬರುತ್ತದೆ. ನಮ್ಮದು ನಿಮಿಷಕ್ಕೆ 500 ಲೀಟರ್ ಕೊಡುವ ಘಟಕ. ದಿನವಿಡೀ ಓಡಿದರೆ 720 ಘನ ಮೀಟರ್, ಅಂದರೆ ಸುಮಾರು ನೂರು ಜಂಬೋ ಸಿಲಿಂಡರ್. ಆದರೆ ಯಂತ್ರಕ್ಕೆ ಒಂದು ದೌರ್ಬಲ್ಯ ಉಂಟು. ಓಡಿಸದೆ ಬಿಟ್ಟರೆ ಜಿಯೋಲೈಟ್ ತೇವ ಕುಡಿಯುತ್ತದೆ. ತೇವ ಕುಡಿದ ಜಿಯೋಲೈಟ್ ನೈಟ್ರೋಜನ್ ಸರಿಯಾಗಿ ಹಿಡಿಯುವುದಿಲ್ಲ. ನಿಲ್ಲಿಸಿಟ್ಟ ಕಾರಿನ ಬ್ಯಾಟರಿಯ ಕತೆಯೇ ಇದೂ.

ಸಮಸ್ಯೆ ಗೊತ್ತಾದ ದಿನ

2022ರ ಡಿಸೆಂಬರ್ 27ರಂದು ದೇಶದಾದ್ಯಂತ ಆಸ್ಪತ್ರೆಗಳಲ್ಲಿ ಅಣಕು ಕಸರತ್ತು ನಡೆಯಿತು. ನಮ್ಮ ಆಸ್ಪತ್ರೆಯಲ್ಲೂ ಬೆಳಿಗ್ಗೆ ಯಂತ್ರ ಚಾಲು ಮಾಡಿದರು. ಅರ್ಧ ಗಂಟೆ ಕಾದರೂ ಶುದ್ಧತೆ ತೋರಿಸುವ ಮೀಟರಿನ ಮುಳ್ಳು ಶೇ ಎಪ್ಪತ್ತರ ಹತ್ತಿರವೇ ನಿಂತಿತ್ತು. ಆ ಗಾಳಿಯನ್ನು ರೋಗಿಗೆ ಕೊಡುವ ಹಾಗಿಲ್ಲ.

ಮೇಲಿನಿಂದ ಬಂದ ನಮೂನೆಯಲ್ಲಿ ಒಂದು ಸಾಲಿತ್ತು: ಘಟಕ ಕಾರ್ಯನಿರ್ವಹಿಸುತ್ತಿದೆಯೇ, ಹೌದು ಅಥವಾ ಇಲ್ಲ. ಯಂತ್ರ ತಿರುಗುತ್ತಿತ್ತು, ಸದ್ದು ಬರುತ್ತಿತ್ತು. 'ಹೌದು' ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆಡಳಿತ ವೈದ್ಯಾಧಿಕಾರಿ 'ಇಲ್ಲ' ಎಂದು ಬರೆದು, ಪಕ್ಕದಲ್ಲಿ ಮೀಟರಿನ ಅಂಕಿ ಹಾಕಿ, ಸಹಿ ಮಾಡಿದರು. ಅವರಿಗೆ ನೋಟಿಸು ಬರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಬಂತು ಕೂಡ, 'ವಿವರಣೆ ನೀಡಿ' ಎಂಬ ಒಂದು ಸಾಲಿನ ಪತ್ರ. ಅವರು ಕೊಟ್ಟ ವಿವರಣೆಯೇ ನಮ್ಮ ಕಡತದ ಮೊದಲ ಹಾಳೆ. ಆ 'ಇಲ್ಲ' ಇರದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಬೇಕಾಗಿದ್ದದ್ದು ಮೂರು: ಹೊಸ ಜಿಯೋಲೈಟ್, ನೋಡಿಕೊಳ್ಳಲು ಒಬ್ಬ ಟೆಕ್ನೀಷಿಯನ್, ವಾರವಾರ ಓಡಿಸುವ ಖರ್ಚು. ಕೊಡುಗೆಯ ಒಪ್ಪಂದ ತೆಗೆದು ನೋಡಿದರೆ 'ಮುಂದಿನ ನಿರ್ವಹಣೆ ಆಸ್ಪತ್ರೆಯದ್ದು' ಎಂದಿತ್ತು. ಆಸ್ಪತ್ರೆಯ ಆಸ್ತಿ ರಿಜಿಸ್ಟರಿನಲ್ಲಿ ಯಂತ್ರವೇ ಇರಲಿಲ್ಲ! ರಿಜಿಸ್ಟರಿನಲ್ಲಿ ಇಲ್ಲದ ವಸ್ತುವಿಗೆ ನಿರ್ವಹಣಾ ಅನುದಾನ ಕೇಳುವುದು ಹೇಗೆ?

ಕಾನೂನಿನ ಬಾಗಿಲುಗಳು

ಮೊದಲು ತಟ್ಟಿದ್ದು ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಾಗಿಲು. 1897ರ ಆ ಕಾಯ್ದೆ ತುಂಬ ಚಿಕ್ಕದು. ಹಣದ ಬಗ್ಗೆ ಅದರಲ್ಲಿರುವುದು ಸಣ್ಣ ಮಾತು: ಖರ್ಚನ್ನು ಯಾರು, ಯಾವ ರೀತಿ ಭರಿಸಬೇಕು ಎಂಬುದನ್ನು ಸರ್ಕಾರ ತೀರ್ಮಾನಿಸಬಹುದು. ಕರ್ನಾಟಕ 2020ರಲ್ಲಿ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ರೋಗ ಹರಡಿದಾಗ ನಿರ್ಬಂಧ ಹಾಕಲು, ದಂಡ ವಿಧಿಸಲು ಈ ಕಾಯ್ದೆಗಳಿಂದ ಬಲ ಸಿಗುತ್ತದೆ. ರೋಗವಿಲ್ಲದ ಮಂಗಳವಾರ ಯಂತ್ರಕ್ಕೆ ಎಣ್ಣೆ ಹಾಕಲು ಸಿಗುವುದಿಲ್ಲ.

ಎರಡನೆಯದು ವಿಪತ್ತು ನಿರ್ವಹಣಾ ಕಾಯ್ದೆ, 2005. (ಕೇಂದ್ರ ಯಾವುದಕ್ಕೆ, ರಾಜ್ಯ ಯಾವುದಕ್ಕೆ ಕಾನೂನು ಮಾಡಬಹುದು ಎಂದು ಹಂಚುವ ನಮ್ಮ ಸಂವಿಧಾನದ ಮೂರು ಪಟ್ಟಿಗಳಲ್ಲಿ 'ವಿಪತ್ತು' ಎಂಬ ವಿಷಯವೇ ಇಲ್ಲ. ಈ ಕಾಯ್ದೆಯನ್ನು ಮಾಡಿದ್ದು ಇಬ್ಬರಿಗೂ ಅಧಿಕಾರವಿರುವ ಸಮವರ್ತಿ ಪಟ್ಟಿಯ 'ಸಾಮಾಜಿಕ ಭದ್ರತೆ' ಎಂಬ 23ನೇ ನಮೂದಿನಡಿ. ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿವೆ. ನಮ್ಮ ಯಂತ್ರ ಈ ಎರಡರ ನಡುವಿನ ಬಿರುಕಿನಲ್ಲಿ ಬಿದ್ದಿತ್ತು ಎಂದು ನನಗೆ ಆಮೇಲೆ ಹೊಳೆಯಿತು.) ಈ ಕಾಯ್ದೆಯಲ್ಲಿ ನಿಧಿಗಳ ಮಾತು ಸ್ಪಷ್ಟವಾಗಿಯೇ ಇದೆ. 2020ರ ಮಾರ್ಚ್ 14ರಂದು ಕೇಂದ್ರ ಗೃಹ ಸಚಿವಾಲಯ ಕೋವಿಡ್ ಅನ್ನು ಅಧಿಸೂಚಿತ ವಿಪತ್ತು ಎಂದು ಪರಿಗಣಿಸಿದ ಮೇಲೆ, ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಕೋವಿಡ್‌ಗೆ ಖರ್ಚು ಮಾಡಲು ದಾರಿಯಾಯಿತು. ಆ ಖರ್ಚಿನ ಮಿತಿಯನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶೇ 35ರಿಂದ 50ಕ್ಕೆ ಏರಿಸಿದರು. ನಾವು ಅರ್ಜಿ ಹಾಕಿದ್ದು 2023ರಲ್ಲಿ. ಕಂದಾಯ ಶಾಖೆಯ ಉತ್ತರ ಚಿಕ್ಕದಾಗಿತ್ತು: ನಿಧಿ ಇರುವುದು ವಿಪತ್ತಿಗೆ ಸ್ಪಂದಿಸಲು, ಈಗ ಯಾವ ವಿಪತ್ತೂ ಇಲ್ಲ. ತಪ್ಪೇನೂ ಹೇಳಿರಲಿಲ್ಲ.

15ನೇ ಹಣಕಾಸು ಆಯೋಗ ಈ ನಿಧಿಯಲ್ಲಿ ಒಂದು ಒಳ್ಳೆಯ ಬದಲಾವಣೆ ಮಾಡಿತ್ತು. ಒಟ್ಟು ಹಣದ ಶೇ 20ನ್ನು ವಿಪತ್ತು ತಗ್ಗಿಸಲು ಎತ್ತಿಟ್ಟಿತು. ಉಳಿದ 80ರಲ್ಲಿ 40 ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 10 ಸಿದ್ಧತೆ ಮತ್ತು ಸಾಮರ್ಥ್ಯ ಬೆಳೆಸಲು. ಆ ಹತ್ತು ನೋಡಿ ನಾವು ಹಿಗ್ಗಿದೆವು. ಸಿದ್ಧತೆ ಎಂಬ ಪದ ಅಷ್ಟು ನೇರವಾಗಿ ಅಲ್ಲಿತ್ತು. ಪ್ರಸ್ತಾವನೆ ಬರೆದು ಕಳಿಸಿದೆವು. ಏಳು ತಿಂಗಳ ಮೇಲೆ 'ರಾಜ್ಯಮಟ್ಟದ ಯೋಜನೆಯಲ್ಲಿ ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು. ಒಂದು ತಾಲ್ಲೂಕಿನ ಜಿಯೋಲೈಟ್ ಆ ಮಟ್ಟದ ಸಭೆಗೆ ತೀರಾ ಸಣ್ಣ ವಿಷಯ.

ಈ ನಡುವೆ ಯಾರೋ ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡುವ ಕೆಟಿಪಿಪಿ ಕಾಯ್ದೆಯ 4(ಎ) ಬಳಸಿ ಟೆಂಡರ್ ಇಲ್ಲದೆ ರಿಪೇರಿ ಮಾಡಿಸೋಣ ಎಂದರು. ಸರ್ಕಾರ ಘೋಷಿಸಿದ ತುರ್ತು ಅಥವಾ ಪ್ರಕೃತಿ ವಿಕೋಪದ ಅವಧಿಗೆ ಕೊಟ್ಟ ವಿನಾಯಿತಿ ಅದು. ಘೋಷಣೆ ಇಲ್ಲದೆ ಬಳಸಿದರೆ ಆಡಿಟ್ ಪ್ಯಾರಾ, ಅಂದರೆ ಲೆಕ್ಕ ಪರಿಶೋಧಕರ ಲಿಖಿತ ಆಕ್ಷೇಪ, ಗ್ಯಾರಂಟಿ. ನಾನೇ ಬೇಡವೆಂದೆ. ಕೊನೆಗೆ ಜಿಯೋಲೈಟ್ ಖರೀದಿಗೆ ಸಾಮಾನ್ಯ ಟೆಂಡರನ್ನೇ ಕರೆದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕ್ಲೇಮುಗಳಿಂದ ಆಸ್ಪತ್ರೆಗೆ ಬಂದಿದ್ದ ಹಣವನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಇದಕ್ಕೆ ಕೊಟ್ಟಿತು. ತಡವಾಯಿತು, ಆದರೆ ಈ ಖರೀದಿಯ ಬಗ್ಗೆ ಆಡಿಟ್‌ನಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲ.

ನಮ್ಮ ಲೆಕ್ಕವೇ ನಮ್ಮನ್ನು ಸೋಲಿಸಿದ್ದು

ಯಂತ್ರ ಸರಿಯಾಯಿತು, ಮೀಟರು 93 ತೋರಿಸಿತು. ಇನ್ನು ಓಡಿಸುವ ಖರ್ಚು. ಇಲ್ಲಿ ನನಗೊಂದು ಭಾರೀ ಐಡಿಯಾ ಬಂತು. ಆಸ್ಪತ್ರೆ ದಿನವೂ ಸಿಲಿಂಡರ್ ತರಿಸುತ್ತದೆ ಅಲ್ವಾ? ಅದನ್ನು ನಿಲ್ಲಿಸಿ ಯಂತ್ರವನ್ನೇ ದಿನವೂ ಓಡಿಸಿದರೆ? ಸಿಲಿಂಡರಿನ ಹಣ ಉಳಿಯುತ್ತದೆ, ಆ ಹಣದಲ್ಲಿ ಯಂತ್ರ ನಡೆಯುತ್ತದೆ, ಸಿದ್ಧತೆ ಪುಕ್ಕಟೆ ಸಿಗುತ್ತದೆ. ಸಭೆಯಲ್ಲಿ ಎಲ್ಲರೂ ತಲೆದೂಗಿದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮಾಮೂಲಿ ದಿನಗಳಲ್ಲಿ ಹೆರಿಗೆ ವಾರ್ಡು, ನವಜಾತ ಶಿಶು ಘಟಕ, ಕ್ಯಾಶುವಾಲ್ಟಿ ಎಲ್ಲ ಸೇರಿ ಐದಾರು ಜಂಬೋ ಸಿಲಿಂಡರ್ ಸಾಕು. ಒಂದಕ್ಕೆ 7 ಘನ ಮೀಟರ್ ಎಂದರೆ ನಲವತ್ತರ ಆಸುಪಾಸು. ಅಷ್ಟನ್ನು ನಮ್ಮ ಯಂತ್ರ ಒಂದೂವರೆ ಗಂಟೆಯಲ್ಲಿ ಮಾಡಿ ಮುಗಿಸುತ್ತದೆ. ಆದರೆ ಕೂಡಿಡುವುದೆಲ್ಲಿ? ಸಿಲಿಂಡರ್ ತುಂಬಿಸಲು ಬೂಸ್ಟರ್ ಕಂಪ್ರೆಸರ್ ಬೇಕು, ಅದು ಕೊಡುಗೆಯಲ್ಲಿ ಇರಲಿಲ್ಲ. ಕೂಡಿಡಲು ಆಗದಿದ್ದರೆ ನಾಲ್ಕು ರೋಗಿಗಳಿಗೋಸ್ಕರ ಅಷ್ಟು ದೊಡ್ಡ ಕಂಪ್ರೆಸರನ್ನು ಹಗಲು ರಾತ್ರಿ ಓಡಿಸಬೇಕು. ಕರೆಂಟಿನ ಖರ್ಚು ಸಿಲಿಂಡರಿನ ಖರ್ಚನ್ನು ಎಷ್ಟೋ ಪಟ್ಟು ಮೀರುತ್ತಿತ್ತು.

ತಿದ್ದಿದ ಲೆಕ್ಕ ಹಿಡಿದು ಮತ್ತೆ ಸಭೆಗೆ ಹೋಗುವುದು ಮುಜುಗರದ ಕೆಲಸ. ಆದರೆ ಈ ಪ್ರಕರಣದ ತಿರುವು ಅದೇ ಎಂದು ಈಗಲೂ ನನಗನಿಸುತ್ತದೆ. ಅಲ್ಲಿಯತನಕ ನಾವು ಸಿದ್ಧತೆಯನ್ನು ಉಳಿತಾಯದ ವೇಷ ಹಾಕಿಸಿ ತಂದಿದ್ದೆವು. ಈಗ ವೇಷ ಕಳಚಬೇಕಾಯಿತು. ಅಗ್ನಿಶಾಮಕ ವಾಹನ ಬೆಂಕಿ ಇಲ್ಲದ ದಿನವೂ ಡೀಸೆಲ್ ತುಂಬಿಕೊಂಡು ನಿಂತಿರುತ್ತದೆ, ಅದನ್ನು ಯಾರೂ ನಷ್ಟ ಎನ್ನುವುದಿಲ್ಲ ಎಂದು ವೈದ್ಯಾಧಿಕಾರಿ ಹೇಳಿದರು. ಜಿಲ್ಲಾ ಪಂಚಾಯಿತಿಯ ಸಿಇಒ ಒಂದೇ ಪ್ರಶ್ನೆ ಕೇಳಿದರು: "ಸಿಲಿಂಡರ್ ಬಿಡಬೇಡಿ. ಯಂತ್ರ ಕೆಡದ ಹಾಗೆ ಇಡೋಕೆ ಕನಿಷ್ಠ ಎಷ್ಟು ಬೇಕು, ಅದನ್ನ ಹೇಳಿ."

ಕನಿಷ್ಠ ಎಂದರೆ ವಾರಕ್ಕೆ ಎರಡು ದಿನ, ಶಸ್ತ್ರಚಿಕಿತ್ಸೆ ಇರುವ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎರಡೆರಡು ಗಂಟೆ. ಆಗ ಹೊರಬರುವ ಆಕ್ಸಿಜನ್ ನೇರ ಪೈಪಿನಲ್ಲಿ ವಾರ್ಡಿಗೆ ಹೋಗುತ್ತದೆ. ಪ್ರತಿ ಸಲವೂ ಶುದ್ಧತೆ ಬರೆದಿಡಲು ಒಂದು ಲಾಗ್ ಪುಸ್ತಕ. ಒಬ್ಬ ಐಟಿಐ ಎಲೆಕ್ಟ್ರಿಷಿಯನ್‌ಗೆ ತರಬೇತಿ. ವಾರ್ಷಿಕ ನಿರ್ವಹಣೆಯ ಒಪ್ಪಂದ.

ಬಜೆಟ್ಟಿನಲ್ಲಿ ಇದನ್ನು ಎಲ್ಲಿಡುವುದು ಎಂಬ ಜಗಳಕ್ಕೆ ಇನ್ನೂ ಎರಡು ತಿಂಗಳು ಹೋಯಿತು. ಸರ್ಕಾರದ ಪ್ರತಿ ಖರ್ಚಿಗೂ ಒಂದು ಲೆಕ್ಕ ಶೀರ್ಷಿಕೆಯ ಸಂಖ್ಯೆ ಇರುತ್ತದೆ. ಯಂತ್ರ ಕೊಳ್ಳುವ ಖರ್ಚು ಬಂಡವಾಳ ಲೆಕ್ಕದ 4210ಕ್ಕೆ ಸೇರುತ್ತದೆ. ಸಂಬಳ, ಕರೆಂಟು, ರಿಪೇರಿ ರಾಜಸ್ವ ಲೆಕ್ಕದ 2210. ಪ್ರಕೃತಿ ವಿಕೋಪ ಪರಿಹಾರ 2245. ನಾನು 'ತುರ್ತು ವೈದ್ಯಕೀಯ ಸಿದ್ಧತೆ' ಎಂದು ತಲೆಬರಹ ಕೊಟ್ಟು ಕಳಿಸಿದ ಕಡತ ಎರಡು ಸಲ ಹಿಂದೆ ಬಂತು. ತುರ್ತು ಎಂದ ಕೂಡಲೇ ಆರೋಗ್ಯ ಶಾಖೆ 2245ರತ್ತ ಕೈ ತೋರಿಸುತ್ತಿತ್ತು, ಆಸ್ಪತ್ರೆ ಎಂದ ಕೂಡಲೇ ಕಂದಾಯ ಶಾಖೆ 2210ರತ್ತ. ಮೂರನೇ ಸಲ ಆ ಹಳೆಯ ಪ್ರಥಮ ದರ್ಜೆ ಸಹಾಯಕರೇ ತಲೆಬರಹ ಬದಲಿಸಿದರು: 'ಯಂತ್ರೋಪಕರಣಗಳ ನಿರ್ವಹಣೆ'. ಒಳಗಿನ ಒಂದು ಅಕ್ಷರವೂ ಬದಲಾಗಲಿಲ್ಲ. ವಾರದಲ್ಲಿ ಮಂಜೂರಾಯಿತು. ಅದಕ್ಕೂ ಮೊದಲು ಅವರು ಮಾಡಿದ ಇನ್ನೊಂದು ಕೆಲಸ, ಯಂತ್ರವನ್ನು ಆಸ್ತಿ ರಿಜಿಸ್ಟರಿಗೆ ಸೇರಿಸಿದ್ದು.

ಗುಡ್ಡ ಕುಸಿದ ರಾತ್ರಿ

ಮುಂದಿನ ಮಳೆಗಾಲ. ಸಿಲಿಂಡರ್ ಲಾರಿ ಬರುವ ಒಂದೇ ರಸ್ತೆಯ ಮೇಲೆ ಗುಡ್ಡ ಕುಸಿಯಿತು. ಸಂಜೆಗೆ ಕರೆಂಟೂ ಹೋಯಿತು. ವಾರ್ಡಿನಲ್ಲಿ ಉಸಿರಾಟದ ತೊಂದರೆಯ ಇಬ್ಬರು ಹಿರಿಯರು, ಶಿಶು ಘಟಕದಲ್ಲಿ ಮೂರು ಕೂಸುಗಳು. ರೋಗಿಗಳನ್ನು ಜಿಲ್ಲಾಸ್ಪತ್ರೆಗೆ ಕಳಿಸಲು ದಾರಿಯಿಲ್ಲ. ಸಿಲಿಂಡರ್ ಬೆಳಗಿನ ತನಕ ಸಾಲುವುದು ಅನುಮಾನ.

ಯಂತ್ರ ಚಾಲು ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಮೀಟರು 92ಕ್ಕೆ ಬಂತು. ಆ ವಾರದ ಮಂಗಳವಾರವೂ ಓಡಿದ್ದ ಯಂತ್ರ ಅದು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಜನರೇಟರ್ ಅದನ್ನು ಎಳೆಯಬೇಕಲ್ಲ. ಟ್ಯಾಂಕಿನಲ್ಲಿದ್ದ ಡೀಸೆಲ್ ಐದು ಗಂಟೆಗೆ ಮಾತ್ರ. ನಮ್ಮ ಅಷ್ಟುದ್ದದ ಕಡತದಲ್ಲಿ ಜಿಯೋಲೈಟ್ ಇತ್ತು, ಟೆಕ್ನೀಷಿಯನ್ ಇದ್ದರು, ಲಾಗ್ ಪುಸ್ತಕ ಇತ್ತು. ಡೀಸೆಲ್ ಇರಲಿಲ್ಲ. ಕರೆಂಟು ಇರುತ್ತದೆ ಎಂದು ಸುಮ್ನೆ ಅಂದುಕೊಂಡುಬಿಟ್ಟಿದ್ದೆವು. ಆ ತಪ್ಪು ನನ್ನದು, ಪಟ್ಟಿ ಮಾಡಿದ್ದು ನಾನೇ.

ವೈದ್ಯಾಧಿಕಾರಿ ಬಂಕಿನವರಿಗೆ ಫೋನ್ ಮಾಡಿ ಸಾಲಕ್ಕೆ ಕೇಳಿದರು. ಹಳೇ ಆಂಬುಲೆನ್ಸ್ ಬಾಕಿಯ ಮಾತು ಬಂತು. ಕೊನೆಗೆ ತಮ್ಮ ಸ್ವಂತ ಹಣ ಕೊಟ್ಟು ನಾಲ್ಕು ಬ್ಯಾರೆಲ್ ತರಿಸಿದರು. ಅದೇ ಹೊತ್ತಿಗೆ ಜಿಲ್ಲಾಧಿಕಾರಿಗಳು ಫೋನಿನಲ್ಲಿ "ಏನು ಬೇಕೋ ತರಿಸಿ, ನಾನಿದ್ದೇನೆ" ಎಂದರು. ಯಂತ್ರ ಮೂವತ್ತೊಂದು ಗಂಟೆ ಓಡಿತು. ಮರುದಿನ ರಾತ್ರಿ ರಸ್ತೆ ತೆರೆಯಿತು. ಐವರೂ ಉಳಿದರು.

ಆಮೇಲೆ ಬಂದದ್ದು ಡೀಸೆಲ್ ಬಿಲ್ಲು. ಭೂಕುಸಿತ ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿರುವ ವಿಪತ್ತು. ಕೋವಿಡ್‌ಗೆಂದು ಬಂದ ಯಂತ್ರಕ್ಕೆ ಕೋವಿಡ್ ಹೆಸರಿನಲ್ಲಿ ಸಿಗದ ಹಣ, ಗುಡ್ಡ ಕುಸಿದದ್ದರಿಂದ ಸಿಗುವ ಹಾಗಾಯಿತು! ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಂ ಇಂಥ ರಾತ್ರಿಗಳಿಗೆಂದೇ ಇದೆ. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ತುರ್ತು ಖರೀದಿಗೆ ಅಧಿಕಾರ ಕೊಟ್ಟರೆ ಟೆಂಡರ್ ಬೇಕಿಲ್ಲ. ಅಧಿಕೃತ ಅಧಿಕಾರಿ ಕೊಡುವ ಬಳಕೆ ಪ್ರಮಾಣಪತ್ರವೇ ಲೆಕ್ಕಕ್ಕೆ ವೋಚರ್ ಆಗುತ್ತದೆ. ಆದರೆ ನಮ್ಮ ಹತ್ತಿರ ಇದ್ದದ್ದು ಫೋನಿನ ಮಾತು. ಲಿಖಿತ ಆದೇಶದ ತಾರೀಕು ಎರಡು ದಿನ ಆಮೇಲಿನದ್ದು, ಬಂಕಿನ ರಸೀದಿಯ ತಾರೀಕು ಮೊದಲಿನದ್ದು. ಲೆಕ್ಕ ಪರಿಶೋಧಕರು ಆ ಎರಡು ತಾರೀಕುಗಳ ಕೆಳಗೆ ಕೆಂಪು ಗೆರೆ ಎಳೆದರು. ಆದೇಶಕ್ಕೆ ಹಿಂದಿನ ತಾರೀಕು ಹಾಕಿಸೋಣ ಎಂದು ಒಬ್ಬರು ಸಲಹೆ ಕೊಟ್ಟರು. ವೈದ್ಯಾಧಿಕಾರಿ ಒಪ್ಪಲಿಲ್ಲ. ಫೋನ್ ಬಂದ ಸಮಯ, ಲಾಗ್ ಪುಸ್ತಕದ ಪುಟ, ಜನರೇಟರಿನ ಗಂಟೆ ಮೀಟರು, ಎಲ್ಲ ಜೋಡಿಸಿ ಉತ್ತರ ಬರೆದೆವು. ಜಿಲ್ಲಾಧಿಕಾರಿಗಳು ತಾವು ಫೋನಿನಲ್ಲಿ ಹೇಳಿದ್ದು ನಿಜವೆಂದು ಟಿಪ್ಪಣಿ ಹಾಕಿದರು. ವೈದ್ಯರ ಹಣ ಅವರಿಗೆ ವಾಪಸ್ಸಾಗಲು ಒಂಬತ್ತು ತಿಂಗಳು ಹಿಡಿಯಿತು.

ಅದರಿಂದ ಬದಲಾದದ್ದು

ಸ್ಥಾಯಿ ಆದೇಶ ಎಂದು ನಾವು ಕರೆಯುವ ಒಂದೂವರೆ ಪುಟದ ಕಾಗದ ಹುಟ್ಟಿದ್ದು ಆ ಕೆಂಪು ಗೆರೆಯಿಂದ. ರಸ್ತೆ ಮುಚ್ಚಿದರೆ, ಕರೆಂಟು ಇಷ್ಟು ಗಂಟೆಗಿಂತ ಜಾಸ್ತಿ ಹೋದರೆ, ಆಡಳಿತ ವೈದ್ಯಾಧಿಕಾರಿ ಇಂತಿಷ್ಟು ಮಿತಿಯೊಳಗೆ ಡೀಸೆಲ್ ಮತ್ತು ಆಕ್ಸಿಜನ್ ಖರೀದಿಸಬಹುದು ಎಂದು ಜಿಲ್ಲಾ ಪ್ರಾಧಿಕಾರ ಮಳೆಗಾಲಕ್ಕೆ ಮೊದಲೇ ಬರೆದು ಕೊಡುತ್ತದೆ. ಕರಡು ಬರೆಯುವಾಗ ಮಿತಿ ಎಷ್ಟಿರಬೇಕು ಎಂಬುದಕ್ಕಿಂತ ಹೆಚ್ಚು ಚರ್ಚೆಯಾದದ್ದು 'ಯಾರು' ಎಂಬ ಪದದ ಮೇಲೆ. ಆಡಳಿತ ವೈದ್ಯಾಧಿಕಾರಿ ರಜೆಯಲ್ಲಿದ್ದರೆ? ಕರ್ತವ್ಯದಲ್ಲಿರುವ ವೈದ್ಯರು ಎಂದು ಸೇರಿಸಿದೆವು. ಗುತ್ತಿಗೆ ವೈದ್ಯರಿಗೂ ಈ ಅಧಿಕಾರ ಇರಬಹುದಾ ಎಂದು ಲೆಕ್ಕಾಧಿಕಾರಿ ತಕರಾರು ತೆಗೆದರು. ರಾತ್ರಿ ಪಾಳಿಯಲ್ಲಿ ಬಹುತೇಕ ಇರುವವರೇ ಅವರು ಎಂದು ಹೇಳಿದ ಮೇಲೆ ಸುಮ್ಮನಾದರು.

ಬಂಕಿನ ಹಳೇ ಬಾಕಿ ತೀರಿಸಲಾಯಿತು. ನನ್ನನ್ನು ಕೇಳಿದರೆ ಆದೇಶದಷ್ಟೇ ಮುಖ್ಯವಾದ ಕೆಲಸ ಅದು. ಜನರೇಟರಿನ ಟ್ಯಾಂಕು ಮುಕ್ಕಾಲಿಗಿಂತ ಕೆಳಗೆ ಇಳಿಯಬಾರದು ಎಂಬ ಸಾಲು ಲಾಗ್ ಪುಸ್ತಕಕ್ಕೆ ಸೇರಿತು.

ಆಗದೆ ಉಳಿದದ್ದೂ ಇದೆ. ಬೂಸ್ಟರ್ ಕಂಪ್ರೆಸರ್ ಬಂದಿಲ್ಲ. ನಿರ್ವಹಣೆಯ ಹಣಕ್ಕೆ ಪ್ರತಿ ವರ್ಷ ಹೊಸದಾಗಿ ಕೇಳಬೇಕು, ಮಾರ್ಚ್ 31ಕ್ಕೆ ಉಳಿದದ್ದು ವಾಪಸ್ ಹೋಗುತ್ತದೆ. ಸಿದ್ಧತೆಗೆಂದು ಖರ್ಚಾಗದೆ ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ನಮ್ಮ ಲೆಕ್ಕದಲ್ಲಿ ದಾರಿಯಿಲ್ಲ. ಜಿಲ್ಲಾಧಿಕಾರಿಗಳು ಬದಲಾದರು. ಹೊಸಬರಿಂದ ಸ್ಥಾಯಿ ಆದೇಶ ನವೀಕರಿಸಲು ಕಡತ ಹೋಗಿದೆ.

ಕಳೆದ ಸಲ ಆ ಕಡೆ ಹೋದಾಗ ಲಾಗ್ ಪುಸ್ತಕ ತೆರೆದು ನೋಡಿದೆ. ಮಂಗಳವಾರ, ಶುಕ್ರವಾರ, 93, 92, 93, ನೀಲಿ ಪೆನ್ನಿನ ಸಾಲುಗಳು. ನಡುವೆ ಎರಡು ವಾರ ಖಾಲಿ. ಟೆಕ್ನೀಷಿಯನ್ ತಂಗಿಯ ಮದುವೆಗೆ ರಜೆ ಹಾಕಿದ್ದರಂತೆ, ಬೇರೆ ಯಾರಿಗೂ ಯಂತ್ರ ಚಾಲು ಮಾಡಲು ಬರುವುದಿಲ್ಲ. ಎರಡನೇ ವ್ಯಕ್ತಿಗೆ ತರಬೇತಿ ಕೊಡಿಸುವ ಪ್ರಸ್ತಾವನೆ ಬರೆಯಲು ಹೇಳಿ ಬಂದಿದ್ದೇನೆ. ತಲೆಬರಹ 'ಯಂತ್ರೋಪಕರಣಗಳ ನಿರ್ವಹಣೆ' ಎಂದೇ ಇರಲಿ ಎಂದೂ ಹೇಳಿದ್ದೇನೆ.